ಹಡಗು ಪಣಂಬೂರಿಗೆ ಬರುವಾಗ ಮನೆಯವರನ್ನು ಒಳಗೆ ಕರ್ಕೊಂಡು ಹೋಗುದು ಹೇಗೆ

ಕ್ರೂಸ್ ಶಿಪ್ಪಲ್ಲಿ ಕೆಲಸ ಮಾಡುವ ಮಂಗಳೂರು, ಉಡುಪಿ, ಕುಂದಾಪುರ ಕಡೆಯ ಹುಡುಗ ಹುಡುಗಿಯರಿಗೆ ಇದು. ಮಳೆಗಾಲ ಮುಗಿದ ಮೇಲೆ ಪಣಂಬೂರಿನ ನವ ಮಂಗಳೂರು ಬಂದರಿಗೆ ಕ್ರೂಸ್ ಹಡಗುಗಳು ಬರ್ತವೆ, ಹೆಚ್ಚಾಗಿ ಬೆಳಿಗ್ಗೆ ಬಂದು ಸಂಜೆ ಹೋಗ್ತವೆ, ಅದ್ರಲ್ಲಿ ನಿಮ್ಮ ಹಡಗೂ ಉಂಟು ಅಂತಾದ್ರೆ ಅಪ್ಪ ಅಮ್ಮನಿಗೆ ಒಮ್ಮೆ ಒಳಗೆ ತೋರಿಸ್ಲೇಬೇಕು ಅಂತ ನಾನು ಎಲ್ಲರಿಗೂ ಹೇಳುದು. ತಿಂಗಳುಗಟ್ಟಲೆ ಕಾಂಟ್ರ್ಯಾಕ್ಟ್, ಮನೆಯವರಿಗೆ ವಾಟ್ಸಾಪ್ ವಿಡಿಯೋದಲ್ಲಿ ಕಾಣುದು ಕ್ಯಾಬಿನ್ ಗೋಡೆ ಮಾತ್ರ. ಮಗ ಎಲ್ಲಿ ಕೂತು ಊಟ ಮಾಡ್ತಾನೆ, ಮಗಳ ಜೊತೆ ಕೆಲಸ ಮಾಡುವವರು ಎಂಥ ಜನ ಅಂತ ಕಣ್ಣಾರೆ ಕಂಡ್ರೆ ಅವರಿಗೆ ಸಿಗುವ ನೆಮ್ಮದಿಯೇ ಬೇರೆ.

ಮೊದಲು ಒಂದು ವಿಷಯ ತಲೆಯಲ್ಲಿಟ್ಕೊಳ್ಳಿ, ಪರ್ಮಿಷನ್ ಎರಡು ಬೇಕು. ಒಂದು ಹಡಗಿನದ್ದು, ಇನ್ನೊಂದು ಪೋರ್ಟಿನದ್ದು. ಕ್ಯಾಪ್ಟನ್ ಒಪ್ಪಿದ್ದಾರೆ ಅಂತ ಮನೆಯವರನ್ನು ಬರಹೇಳಿದ್ರೆ ಗೇಟಲ್ಲಿ ಬಂದರು ಕಾಯುವ ಸಿಐಎಸ್‌ಎಫ್‌ನವರು ಪಾಸ್ ಕೇಳ್ತಾರೆ, ಪಾಸ್ ಇದ್ದೂ ಹಡಗಿನ ವಿಸಿಟರ್ ಲಿಸ್ಟಲ್ಲಿ ಹೆಸರಿಲ್ಲದಿದ್ರೆ ಗ್ಯಾಂಗ್‌ವೇ, ಅಂದ್ರೆ ದಕ್ಕೆಯಿಂದ ಹಡಗಿಗೆ ಹತ್ತುವ ದಾರಿ, ಹತ್ತಿಸುದಿಲ್ಲ. 2001ರಲ್ಲಿ ಅಮೆರಿಕದ ಮೇಲೆ ಉಗ್ರರ ದಾಳಿ ಆದ ನಂತರ ಹಡಗು ಮತ್ತು ಬಂದರುಗಳ ಭದ್ರತೆಗೆ ಐಎಸ್‌ಪಿಎಸ್ ಕೋಡ್ ಅಂತ ಮಾಡಿದ್ರು, 2004ರ ಜುಲೈ 1ರಿಂದ ಅದು ಜಾರಿಯಲ್ಲಿ ಉಂಟು. ಹಾಗಾಗಿ ಗೇಟಲ್ಲಿ ನಿಂತು ರಿಕ್ವೆಸ್ಟ್ ಮಾಡಿದ್ರೆ, ಯಾರದ್ದೋ ಪರಿಚಯ ಹೇಳಿದ್ರೆ ನಡಿಯುದಿಲ್ಲ.

ಹಡಗಿನ ಕಡೆಯ ಕೆಲಸ ನಿಮ್ಮದೇ. ರೂಟ್ ಗೊತ್ತಾದ ಕೂಡಲೇ ಎಚ್‌ಆರ್ ಅಥವಾ ಕ್ರೂ ಆಫೀಸಿಗೆ ಹೋಗಿ ವಿಸಿಟರ್ ಫಾರ್ಮ್ ಕೇಳಿ, ಒಂದು ತಿಂಗಳು ಮೊದಲೇ ಕೇಳಿದ್ರೆ ಒಳ್ಳೇದು, ಯಾಕಂದ್ರೆ ಅದು ನಿಮ್ಮ ಡಿಪಾರ್ಟ್‌ಮೆಂಟ್ ಹೆಡ್, ಸೆಕ್ಯುರಿಟಿ ಆಫೀಸರ್, ಕ್ಯಾಪ್ಟನ್ ಅಂತ ಒಬ್ಬೊಬ್ಬರ ಟೇಬಲ್ ದಾಟಿ ಬರ್ಬೇಕು. ಎಷ್ಟು ಜನ, ಎಷ್ಟು ಸಣ್ಣ ಮಕ್ಕಳನ್ನು ಬಿಡ್ತಾರೆ ಅನ್ನುದು ಕಂಪನಿ ಕಂಪನಿಗೆ ಬೇರೆ. ಅಪ್ಪ ಅಮ್ಮ, ಹೆಂಡತಿ ಮಕ್ಕಳ ಹೆಸರು ಮೊದಲು ಹಾಕಿ, ಫ್ರೆಂಡ್ಸ್ ಹೆಸರು ಜಾಗ ಉಳಿದ್ರೆ ಮಾತ್ರ.

ಫಾರ್ಮ್ ತುಂಬುವಾಗ ನಮ್ಮವರಿಗೆ ಹೆಸರಿನದ್ದೇ ದೊಡ್ಡ ತಲೆಬಿಸಿ. ಅಮ್ಮನ ಆಧಾರಲ್ಲಿ ಸುಮತಿ ಕೆ ಅಂತ ಇರ್ತದೆ, ಪಾಸ್‌ಪೋರ್ಟಲ್ಲಿ ಕೆ ಅನ್ನುದು ಬಿಡಿಸಿ ಪೂರ್ತಿ ಹೆಸರಾಗಿರ್ತದೆ, ಮಗ ನೆನಪಿಂದ ಸುಮತಿ ಪೂಜಾರಿ ಅಂತ ಬರ್ದು ಕೊಡ್ತಾನೆ. ಗ್ಯಾಂಗ್‌ವೇಯಲ್ಲಿ ಲಿಸ್ಟ್ ಹಿಡ್ಕೊಂಡು ನಿಂತವರು ನೇಪಾಳದವರೋ ಫಿಲಿಪೀನ್ಸಿನವರೋ ಆಗಿರ್ತಾರೆ, ಅವರಿಗೆ ನಮ್ಮ ಇನಿಶಿಯಲ್ ಕಥೆ ಗೊತ್ತಿಲ್ಲ, ಅಕ್ಷರಕ್ಕೆ ಅಕ್ಷರ ನೋಡ್ತಾರೆ. ಹಾಗಾಗಿ ಯಾವ ಐಡಿ ನಡಿತದೆ ಅಂತ ಹಡಗಲ್ಲೂ ಏಜೆಂಟ್ ಹತ್ರವೂ ಕೇಳಿ, ಆ ಐಡಿಯ ಫೋಟೋ ಮನೆಯಿಂದ ತರಿಸಿ, ಅದನ್ನು ನೋಡ್ಕೊಂಡೇ ಬರೀರಿ. ಎರಡೂ ಕಡೆ ಒಂದೇ ಐಡಿ, ಒಂದೇ ಸ್ಪೆಲ್ಲಿಂಗ್. ಬರುವ ದಿನ ಜೆರಾಕ್ಸ್ ಅಲ್ಲ, ಒರಿಜಿನಲ್ಲೇ ಕೈಯಲ್ಲಿರ್ಬೇಕು.

ಪೋರ್ಟ್ ಪಾಸಿನ ಕೆಲಸ ಶಿಪ್ಪಿಂಗ್ ಏಜೆಂಟಿನ ಮೂಲಕ ಆಗ್ತದೆ. ಹಡಗು ಹೋಗುವ ಪ್ರತಿಯೊಂದು ಬಂದರಲ್ಲೂ ಕಂಪನಿಗೆ ಒಬ್ಬ ಲೋಕಲ್ ಏಜೆಂಟ್ ಇರ್ತಾರೆ, ಹಡಗಿಂದ ಲಿಸ್ಟ್ ಹೋದ ಮೇಲೆ ಅವರು ಪಾಸಿಗೆ ಹಾಕ್ತಾರೆ. ಕಾರು ಒಳಗೆ ಹೋಗ್ಬೇಕಾ, ಹೊರಗೆ ನಿಲ್ಲಿಸಿ ಅವರ ವ್ಯಾನಲ್ಲಿ ಹೋಗುದಾ ಅಂತಲೂ ಆಗಲೇ ಕೇಳ್ಕೊಳ್ಳಿ, ಯಾಕಂದ್ರೆ ಕಾರಿಗೂ ಡ್ರೈವರಿಗೂ ಬೇರೆ ಪಾಸ್ ಬೇಕಾಗ್ತದೆ, ಮತ್ತೆ ಅದು ಲಾರಿ ಕ್ರೇನ್ ಓಡಾಡುವ ಜಾಗ, ಗೇಟಿಂದ ಹಡಗಿನ ತನಕ ಆರಾಮಾಗಿ ನಡ್ಕೊಂಡು ಹೋಗುವ ಹಾಗಿಲ್ಲ. ಏಜೆಂಟ್ ಆಫೀಸಿನ ಫೋನ್ ನಂಬರ್ ಮನೆಯಲ್ಲಿ ಒಬ್ಬರ ಹತ್ರ ಇರ್ಲಿ, ಆ ದಿನ ನೀವು ಡ್ಯೂಟಿಯಲ್ಲಿದ್ರೆ ಫೋನ್ ತೆಗಿಲಿಕ್ಕೆ ಆಗುದಿಲ್ಲ.

ಟೈಮ್ ಹೇಗೆ ಹೊಂದಿಸುದು ಅಂದ್ರೆ, ಇನ್ ಪೋರ್ಟ್ ಮ್ಯಾನಿಂಗ್ ಅಂತ ಒಂದುಂಟಲ್ಲ, ಐಪಿಎಂ, ಹಡಗು ಪೋರ್ಟಲ್ಲಿರುವಾಗ ಎಮರ್ಜೆನ್ಸಿಗೆ ಅಂತ ಕ್ರೂನಲ್ಲಿ ಒಂದಷ್ಟು ಜನ ಹಡಗಲ್ಲೇ ಇರ್ಬೇಕು. ಮಂಗಳೂರಿನ ದಿನವೇ ನಿಮ್ಮ ಐಪಿಎಂ ಬಿದ್ರೆ ಊರಿಗೆ ಬಂದೂ ಕೆಳಗೆ ಇಳಿಲಿಕ್ಕಿಲ್ಲ, ಎದೆ ಒಡಿಯುವಂಥ ವಿಷಯ ಅದು, ಆಗ ಮನೆಯವರು ಮೇಲೆ ಬರುದೊಂದೇ ದಾರಿ. ಸೂಪರ್‌ವೈಸರ್ ಹತ್ರ ಮೊದಲೇ ಹೇಳಿ ಕಲೀಗ್ ಜೊತೆ ಬದಲಿಸ್ಲಿಕ್ಕೆ ಆಗ್ತದಾ ನೋಡಿ. ಆ ದಿನ ಕ್ರೂ ಡ್ರಿಲ್ ಉಂಟಾ ಅಂತಲೂ ವಿಚಾರಿಸಿ. ರೆಸ್ಟೋರೆಂಟಿನವರಿಗೆ ಲಂಚ್ ಮುಗಿದು ಡಿನ್ನರ್ ಸುರುವಾಗುವ ಮಧ್ಯದ ಗಂಟೆಗಳೇ ಒಳ್ಳೇದು. ಮುಂಬೈಯಲ್ಲಿ ತೋರಿಸುವ ಯೋಚನೆ ಇದ್ರೆ, ಅದು ಹಡಗಿನ ಗೆಸ್ಟ್‌ಗಳೆಲ್ಲ ಇಳಿದು ಹೊಸಬರು ಹತ್ತುವ ದಿನ ಆದ್ರೆ ಮನೆಯವರನ್ನು ಕರಿಯುದು ಬೇಡ ಅಂತಲೇ ನನ್ನ ಅಭಿಪ್ರಾಯ, ಲಗೇಜು, ಕ್ಲೀನಿಂಗ್, ಸ್ಟೋರ್ಸ್ ಲೋಡಿಂಗ್ ಅಂತ ಯಾರಿಗೂ ಉಸಿರಾಡ್ಲಿಕ್ಕೆ ಪುರುಸೊತ್ತಿರುದಿಲ್ಲ. ಹಡಗು ದಕ್ಕೆಗೆ ಬರದೆ ದೂರದಲ್ಲಿ ಲಂಗರು ಹಾಕಿ ಟೆಂಡರ್ ಬೋಟಲ್ಲಿ ಜನ ಸಾಗಿಸುವ ಪೋರ್ಟುಗಳಲ್ಲಂತೂ ಈ ಆಸೆ ಬಿಟ್ಬಿಡಿ.

ಅಮ್ಮಂದಿರಿಗೆ ಒಂದು ಮಾತು ಮೊದಲೇ ಹೇಳಿಡಿ. ಕೋರಿ ರೊಟ್ಟಿ, ಮೀನು ಸಾರು, ಮಾವಿನ ಮಿಡಿ ಉಪ್ಪಿನಕಾಯಿ ಅಂತ ಡಬ್ಬ ತುಂಬಿಸ್ಕೊಂಡು ಬರ್ತಾರೆ, ಎಷ್ಟೋ ಹಡಗಲ್ಲಿ ಮನೆಯಲ್ಲಿ ಮಾಡಿದ ಅಡಿಗೆ, ಹಣ್ಣು, ತೆಂಗಿನಕಾಯಿ ಒಳಗೆ ಬಿಡುದೇ ಇಲ್ಲ, ಗ್ಯಾಂಗ್‌ವೇಯಲ್ಲಿ ಅದನ್ನು ಬಿಟ್ಟು ಬರುವಾಗ ಅವರ ಮುಖ ನೋಡ್ಲಿಕ್ಕಾಗುದಿಲ್ಲ. ಪ್ಯಾಕ್ ಆದ ಚಿಪ್ಸು, ಹಪ್ಪಳ ನಡಿತದಾ ಅಂತ ಸೆಕ್ಯುರಿಟಿ ಹತ್ರ ಕೇಳಿ ತಿಳಿಸಿ.

ಬರುವ ದಿನ ಕಾಲಿಗೆ ಜಾರದ ಚಪ್ಪಲಿ ಅಥವಾ ಶೂ ಇರ್ಲಿ, ಗ್ಯಾಂಗ್‌ವೇ ಕೆಲವೊಮ್ಮೆ ಸಿಕ್ಕಾಪಟ್ಟೆ ಕಡಿದಾಗಿರ್ತದೆ, ಮೊಣಕಾಲು ನೋವಿರುವ ಅಜ್ಜ ಅಜ್ಜಿ ಬರುವುದಾದ್ರೆ ಹಡಗಿನವರಿಗೆ ಮುಂಚೆ ಹೇಳ್ಬೇಕು. ಪೋರ್ಟ್ ಒಳಗೆ ಫೋಟೋ ತೆಗಿಬಾರ್ದು. ಮೇಲೆ ಹತ್ತಿದ ಕೂಡಲೇ ಬ್ಯಾಗು ಎಕ್ಸ್‌ರೇಗೆ ಹೋಗ್ತದೆ, ಐಡಿ ತೆಗ್ದಿಟ್ಕೊಂಡು ವಿಸಿಟರ್ ಬ್ಯಾಡ್ಜ್ ಕೊಡ್ತಾರೆ, ಇಳಿಯುವಾಗ ಬ್ಯಾಡ್ಜ್ ಕೊಟ್ಟು ಐಡಿ ತಗೊಳ್ಬೇಕು. ಅಷ್ಟು ಹೊತ್ತೂ ನೀವು ಜೊತೆಯಲ್ಲೇ ಇರ್ಬೇಕು, ಅಪ್ಪನನ್ನು ಕೂರಿಸಿ ಐದು ನಿಮಿಷ ಬರ್ತೇನೆ ಅಂತ ಹೋಗುವ ಹಾಗಿಲ್ಲ. ಕ್ಯಾಬಿನ್ ತೋರಿಸ್ಬಹುದಾ ಅಂತ ಕೇಳ್ಕೊಳ್ಳಿ, ಹಡಗು ನಡೆಸುವ ಬ್ರಿಜ್ಜು, ಇಂಜಿನ್ ರೂಮಿನ ಕಡೆ ಕರ್ಕೊಂಡು ಹೋಗ್ಬೇಡಿ. ಆದ್ರೆ ನೀವು ಊಟ ಮಾಡುವ ಕ್ರೂ ಮೆಸ್ ತೋರಿಸಿ, ಹಡಗಿನ ಉದ್ದಕ್ಕೂ ಹೋಗುವ ಆ ಕ್ರೂ ಕಾರಿಡಾರ್, ಐ 95 ಅಂತ ನಾವು ಕರಿಯುದು, ಅಲ್ಲಿ ಬಿಡ್ತಾರಾದ್ರೆ ನಡೆಸಿ. ಪ್ಯಾಸೆಂಜರ್ ಕಡೆಯ ಝಗಮಗಕ್ಕಿಂತ ಮನೆಯವರಿಗೆ ಬೇಕಾದ್ದು ಇದೇ.

ಇಷ್ಟೆಲ್ಲ ಮಾಡಿಯೂ ಕೊನೇ ಗಳಿಗೆಯಲ್ಲಿ ಕ್ಯಾನ್ಸಲ್ ಆಗ್ಬಹುದು. ಸೆಕ್ಯುರಿಟಿ ಲೆವೆಲ್ ಏರಿಸಿದ್ರೆ, ಹಡಗಲ್ಲಿ ವಾಂತಿ ಭೇದಿ ಹರಡಿದ್ರೆ, ಹವಾಮಾನ ಕೆಟ್ಟು ಹಡಗು ಪೋರ್ಟಿಗೇ ಬರದಿದ್ರೆ ಯಾರೇನೂ ಮಾಡ್ಲಿಕ್ಕಾಗುದಿಲ್ಲ. ಅದಕ್ಕೆ ದೂರದಿಂದ ಬರುವವರಿಗೆ ಇದನ್ನು ಬಿಡಿಸಿ ಹೇಳಿರಿ, ಶೋರ್ ಲೀವ್, ಅಂದ್ರೆ ಕೆಳಗೆ ಇಳಿಲಿಕ್ಕೆ ಬಿಡುವು, ಸಿಕ್ಕಿದ್ರೆ ಹೊರಗೆ ಎಲ್ಲಿ ಸಿಗುದು ಅಂತಲೂ ಮಾತಾಡಿಟ್ಕೊಳ್ಳಿ. ಪಣಂಬೂರು ಬೀಚ್ ಪಕ್ಕದಲ್ಲೇ ಉಂಟು, ಸುರತ್ಕಲ್ ಕೂಡ ಹತ್ರ, ಊಟಕ್ಕೆ ಪೇಟೆ ತನಕ ಹೋದ್ರೆ ಕೂಳೂರು ಸೇತುವೆಯ ಟ್ರಾಫಿಕ್ ಲೆಕ್ಕಕ್ಕಿಟ್ಕೊಂಡು ಕ್ರೂ ಆನ್‌ಬೋರ್ಡ್ ಟೈಮಿಗಿಂತ, ಅಂದ್ರೆ ನೀವು ವಾಪಸ್ ಹಡಗು ಹತ್ತಿರ್ಬೇಕಾದ ಹೊತ್ತಿಗಿಂತ, ಒಂದು ಗಂಟೆ ಮೊದಲೇ ಪೋರ್ಟ್ ಗೇಟಲ್ಲಿರಿ.