ಮನೆಯಲ್ಲೇ ನಿಂತಿರುವ ಹಳೇ ಕಾರಿಗೆ ಟೈರ್ ತರುವ ಮುಂಚೆ

ನಮ್ಮ ಮಾರುತಿ 800ಕ್ಕೆ 22 ವರ್ಷ. 2003ರ ಗಾಡಿ, ಕೆಎ 18 ನಂಬರು. ಅದರ ಟೈರುಗಳಿಗೆ 11 ವರ್ಷ ಆಗಿದೆ ಅಂತ ನನಗೆ ಗೊತ್ತಾಗಿದ್ದು ಹೋದ ಮಳೆಗಾಲದಲ್ಲಿ.

ನಾವಿರುವುದು ಆಲ್ದೂರಿನ ಹತ್ತಿರ. ಸ್ವಲ್ಪ ಕಾಫಿ ಇದೆ. ತೋಟದ ಕೆಲಸಕ್ಕೆಲ್ಲ ಯಜಮಾನರ ಜೀಪು ಓಡಾಡುತ್ತದೆ. 800 ನನ್ನದು. ಹದಿನೈದು ದಿನಕ್ಕೊಮ್ಮೆ ಚಿಕ್ಕಮಗಳೂರಿಗೆ ಹೋಗಿ ಬ್ಯಾಂಕು, ಔಷಧಿ, ತರಕಾರಿ ಮುಗಿಸಿಕೊಂಡು ಬರುತ್ತೇನೆ. ಮೂರ್ನಾಲ್ಕು ತಿಂಗಳಿಗೊಮ್ಮೆ ಬೇಲೂರಿನ ಮೇಲೆ ಹಾಸನಕ್ಕೆ, ತಂಗಿ ಮನೆಗೆ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ದಾಟುವುದಿಲ್ಲ. ಹಾಗಾಗಿ ಟೈರಿನ ಬಟನ್, ಅಂದರೆ ರಸ್ತೆಗೆ ತಾಗುವ ಮೈಮೇಲಿನ ಉಬ್ಬುಗಳು, ಸವೆದೇ ಇರಲಿಲ್ಲ. ನೋಡಿದವರೆಲ್ಲ 'ಅಮ್ಮಾ, ಇನ್ನೂ ಹೊಸದಿದ್ದಂಗಿದೆ' ಅನ್ನುತ್ತಿದ್ದರು. ನಾನೂ ನಂಬಿದ್ದೆ.

ಆರಿದ್ರ ಮಳೆ ಹಿಡಿದ ದಿನಗಳು. ಪೇಟೆಗೆ ಹೋಗುವಾಗ ಒಂದು ತಿರುವಿನಲ್ಲಿ ದನ ಅಡ್ಡ ಬಂತು. ಮೂವತ್ತರ ಸ್ಪೀಡೂ ಇರಲಿಲ್ಲ. ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ, ಎಣ್ಣೆ ಚೆಲ್ಲಿದ ನೆಲದ ಮೇಲೆ ಹೋದ ಹಾಗೆ ಜಾರಿಕೊಂಡು ಹೋಗಿ ಚರಂಡಿ ಅಂಚಿಗೆ ನಿಂತಿತು. ದನ ಬಾಲ ಬೀಸಿಕೊಂಡು ಹೋಯಿತು. ಬ್ರೇಕ್ ಕೆಟ್ಟಿದೆ ಅಂದುಕೊಂಡು ನಮ್ಮ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬ್ರೇಕ್ ನೋಡಿದರು, ಸರಿ ಇತ್ತು. ಆಮೇಲೆ ಟೈರಿಗೆ ಉಗುರು ಒತ್ತಿ, 'ಮೇಡಂ, ಇದು ರಬ್ಬರ್ ಅಲ್ಲ, ಮರ ಆಗಿದೆ' ಅಂದರು.

ಮೂವತ್ತು ವರ್ಷ ಪಾಠ ಮಾಡಿದವಳು ನಾನು, ಯಂತ್ರ ಬಿಚ್ಚಿದವಳಲ್ಲ. ಆದರೆ ಟೈರ್ ಕೊಳ್ಳುವಾಗ ಮೂರು ಅಂಗಡಿ ಸುತ್ತಿದೆ, ಕೇಳಬಾರದ್ದನ್ನೆಲ್ಲ ಕೇಳಿ ಎಲ್ಲರ ತಲೆ ತಿಂದೆ. ನಿಮ್ಮ ಮನೆಯಲ್ಲೂ ಇಂಥ ಕಾರು ನಿಂತಿದ್ದರೆ ಉಪಯೋಗಕ್ಕೆ ಬರಲಿ.

ಮೊದಲು ವಯಸ್ಸು ನೋಡಿ

ಟೈರಿನ ಪಕ್ಕೆಯ ಮೇಲೆ ಉದ್ದನೆ ಗುಳಿಗೆಯಂಥ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನದರ ಮೇಲೆ 1614 ಅಂತ ಇತ್ತು. ಅಂದರೆ 2014ರ 16ನೇ ವಾರ, ಏಪ್ರಿಲ್ ನಡುಭಾಗ. ಈ ಅಂಕಿ ಸಾಮಾನ್ಯವಾಗಿ ಟೈರಿನ ಒಂದೇ ಪಕ್ಕೆಯಲ್ಲಿರುತ್ತದೆ. ಹೊರಗೆ ಕಾಣದಿದ್ದರೆ ಒಳಪಕ್ಕೆಗೆ ಹೋಗಿರುತ್ತದೆ. ನಾನು ಗೋಣಿಚೀಲ ಹಾಸಿ, ಕಾರಿನ ಕೆಳಗೆ ತಲೆ ತೂರಿಸಿ, ಟಾರ್ಚ್ ಬಿಟ್ಟು ಓದಿದೆ. ಅಲ್ಲಿ ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು. ಅದನ್ನು ಓಡಿಸುವ ಮಾತೇ ಬೇಡ.

ಓಡದ ಟೈರು ಯಾಕೆ ಹಾಳಾಗುತ್ತೆ? ಮದುವೆಗೆ ಮಾತ್ರ ಅಂತ ಎತ್ತಿಟ್ಟ ಚಪ್ಪಲಿ ಒಂದು ದಿನ ಛತ್ರದಲ್ಲೇ ಅಟ್ಟೆ ಬಿಟ್ಟುಕೊಳ್ಳುತ್ತಲ್ಲ, ಅದೇ ಕತೆ. ಟೈರ್ ರಬ್ಬರಿನಲ್ಲಿ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಚಕ್ರ ಉರುಳುವಾಗ ಪಕ್ಕೆ ಬಾಗಿ ಬಾಗಿ ಆ ಮೇಣ ಹೊರಮೈಗೆ ಬರುತ್ತಿರುತ್ತದೆ. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸೀಳದಂತೆ ಅದು ಕಾಯುತ್ತದೆ. ಕಾರು ನಿಂತೇ ಇದ್ದರೆ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಜೊತೆಗೆ ಬಿಸಿಲು, ಸೆಕೆ. ರಬ್ಬರ್ ಗಡುಸಾಗುತ್ತದೆ, ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತವೆ. ಗಡುಸಾದ ರಬ್ಬರಿಗೆ ಒದ್ದೆ ರಸ್ತೆಯಲ್ಲಿ ಹಿಡಿತ ಇರುವುದಿಲ್ಲ.

ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ವರ್ಷ ಆದರೆ ಬಟನ್ ಎಷ್ಟೇ ಇದ್ದರೂ ತೆಗೆದುಹಾಕಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಆರು ವರ್ಷಕ್ಕೇ ಬದಲಾಯಿಸಿ ಅನ್ನುವ ಕಾರ್ ಕಂಪನಿಗಳೂ ಇವೆ. ಕಾರಿನ ಟೈರಿಗೆ ನಮ್ಮ ಕಾನೂನು ಕೇಳುವ ಬಟನ್ ಆಳ 1.6 ಮಿಲಿಮೀಟರ್. ನನ್ನದರಲ್ಲಿ ಐದು ಮಿಲಿಮೀಟರ್ ಇತ್ತು. ಕಾನೂನಿಗೆ ಪಾಸು, ಆರಿದ್ರ ಮಳೆಗೆ ಫೇಲು.

ಸ್ಟೆಪ್ನಿ ಮರೆಯಬೇಡಿ. ಡಿಕ್ಕಿಯ ಕತ್ತಲೆಯಲ್ಲಿ ಕೂತಿದ್ದು ಹೊಳೆಯುತ್ತಿರುತ್ತದೆ. ಅದಕ್ಕೂ ಅಷ್ಟೇ ವಯಸ್ಸು.

ಸೈಜಿನ ವಿಷಯದಲ್ಲಿ ಹಟ ಮಾಡಿ

ನನ್ನ ಕಾರಿನದು 145/70 ಆರ್ 12. 145 ಅಂದರೆ ಅಗಲ, ಮಿಲಿಮೀಟರಿನಲ್ಲಿ. 70 ಅಂದರೆ ಪಕ್ಕೆಯ ಎತ್ತರ, ಅಗಲದ ನೂರಕ್ಕೆ ಎಪ್ಪತ್ತು ಪಾಲು. 12 ಅಂದರೆ ರಿಮ್ಮಿನ ಇಂಚು. ಮುಂದೆ 69 ಎಸ್ ಅಂತ ಇರುತ್ತದೆ. 69 ಅಂದರೆ ಒಂದು ಟೈರ್ 325 ಕೆಜಿ ಹೊರುತ್ತದೆ, ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್ ವೇಗ ತಡೆಯುತ್ತದೆ. ನಮ್ಮ 800 ಆ ವೇಗ ಕನಸಲ್ಲೂ ಕಂಡಿಲ್ಲ ಬಿಡಿ. ಕಾರಿನ ಪುಸ್ತಕದಲ್ಲಿ ಏನಿದೆಯೋ ಅದಕ್ಕಿಂತ ಈ ಎರಡು ಕಡಿಮೆ ಇರಬಾರದು, ಅಷ್ಟೇ.

800ರ ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಈ ಸೈಜು ಕೇಳುವವರು ಕಡಿಮೆಯಾಗಿದ್ದಾರೆ. ನಾನು ಹೋದ ಮೊದಲ ಅಂಗಡಿಯ ಹುಡುಗ, 'ಆಂಟಿ, ಅದು ಇಲ್ಲ. 145/80 ಹಾಕಿಸ್ಕೊಳಿ, ಆಲ್ಟೋದು. ಏನೂ ಆಗಲ್ಲ' ಅಂದ.

ಏನೂ ಆಗಲ್ವಾ? ಬಿಲ್ಲಿನ ಹಿಂಭಾಗದಲ್ಲೇ ಲೆಕ್ಕ ಹಾಕಿದೆ. 145ರಲ್ಲಿ ಎಪ್ಪತ್ತು ಪಾಲು ಅಂದರೆ 101.5. ಮೇಲೊಂದು ಕೆಳಗೊಂದು ಪಕ್ಕೆ, 203. ಹನ್ನೆರಡು ಇಂಚಿನ ರಿಮ್ 304.8. ಒಟ್ಟು ಎತ್ತರ ಸುಮಾರು 508 ಮಿಲಿಮೀಟರ್. ಎಂಬತ್ತರ ಟೈರಿಗೆ ಹೀಗೇ ಮಾಡಿದರೆ ಸುಮಾರು 537. ಹತ್ತಿರ ಹತ್ತಿರ ಶೇಕಡ 6 ದೊಡ್ಡದು. ಸ್ಪೀಡೋಮೀಟರ್ 60 ತೋರಿಸುವಾಗ ಕಾರು 63ರ ಮೇಲೆ ಓಡುತ್ತಿರುತ್ತದೆ. ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ. ಕೈಮರದಿಂದ ಮೇಲೆ ಗಿರಿ ಹತ್ತುವಾಗ ಮೊದಲೇ ಏದುಸಿರು ಬಿಡುವ ಗಾಡಿಗೆ ಇನ್ನೊಂದು ಭಾರ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜುವ ಭಯ ಬೇರೆ. ಲೆಕ್ಕ ತೋರಿಸಿದೆ. ಹುಡುಗ 'ಟೀಚರಾ ನೀವು?' ಅಂದ.

ಸರಿಯಾದ ಸೈಜು ಬೇಕೇ ಬೇಕು ಅಂತ ಹೇಳಿ, ನಾಲ್ಕು ದಿನ ಕಾಯ್ದು ತರಿಸಿಕೊಂಡೆ. ತಿಂಗಳಿಗೆ ಎರಡು ಸಲ ಓಡುವ ಕಾರಿಗೆ ಅವಸರ ಏನಿದೆ, ಅಲ್ವಾ?

ಅಂಗಡಿಯಲ್ಲಿ

ಅಂಗಡಿಯವರು ಮೊದಲು ಹೇಳುವುದು 'ಇದು ಇಷ್ಟು ಸಾವಿರ ಕಿಲೋಮೀಟರ್ ಬರುತ್ತೆ' ಅಂತ. ಟ್ಯಾಕ್ಸಿಯವರಿಗೆ ಅದು ಮುಖ್ಯ. ನಮಗಲ್ಲ. ವರ್ಷಕ್ಕೆ ಎರಡು ಸಾವಿರ ಓಡಿಸುವವರು ನಲವತ್ತು ಸಾವಿರ ಮುಟ್ಟಲು ಇಪ್ಪತ್ತು ವರ್ಷ ಬೇಕು, ಅಷ್ಟರಲ್ಲಿ ಟೈರು ಎರಡು ಸಲ ಮುದಿಯಾಗಿರುತ್ತದೆ. ಬಾಳಿಕೆಗೆ ಅಂತ ಗಟ್ಟಿ ರಬ್ಬರಿಗೆ ಜಾಸ್ತಿ ದುಡ್ಡು ಕೊಡಬೇಡಿ. 'ಮಳೆಯಲ್ಲಿ ಹಿಡಿತ ಯಾವುದರದ್ದು ಚೆನ್ನಾಗಿದೆ?' ಅಂತ ಕೇಳಿ. ಈ ಪುಟ್ಟ ಸೈಜಿನಲ್ಲಿ ಆಯ್ಕೆ ಕಮ್ಮಿ ಅನ್ನುವುದು ನಿಜ. ಆದರೂ ನೀರು ಹೊರಗೆ ಹೋಗಲು ಅಗಲವಾದ, ಆಳವಾದ ಗೀರುಗಳಿರುವುದನ್ನು ಆರಿಸಬಹುದು.

ಎರಡನೆಯ ಮಾತು, ಟೈರನ್ನು ರಿಮ್ಮಿಗೆ ಹಾಕುವ ಮೊದಲೇ ತಾರೀಖು ಓದಿ. ಹಾಕಿದ ಮೇಲೆ ತಕರಾರು ತೆಗೆದರೆ ಯಾರೂ ಕೇಳುವುದಿಲ್ಲ. ನೆರಳಲ್ಲಿಟ್ಟ ಟೈರು ಆರು ತಿಂಗಳು ಹಳೆಯದಾದರೆ ಚಿಂತೆ ಇಲ್ಲ. ವರ್ಷ ದಾಟಿದ್ದು ನನಗೆ ಬೇಡ. ಒಂದು ಅಂಗಡಿಯಲ್ಲಿ ನಾಲ್ಕರಲ್ಲಿ ಎರಡು ಟೈರು ಮೂರು ವರ್ಷ ಹಳೆಯವು ಬಂದವು. ಪಾಲಿಶ್ ಹಚ್ಚಿ ಮಿರಮಿರ ಮಿಂಚಿಸಿದ್ದರು. ಬಟ್ಟೆಯಿಂದ ಒರೆಸಿ, ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಬಾಗಿಸಿ ನೋಡಿದರೆ ಬಿರುಕಿದ್ದರೆ ಬಾಯಿ ಬಿಡುತ್ತದೆ. ನನ್ನ ಪರ್ಸಿನಲ್ಲಿ ಈಗಲೂ ಒಂದು ಹಳೇ ಬಟ್ಟೆ ಇದೆ.

ಐಎಸ್ಐ ಗುರುತು ಇದೆಯಾ ನೋಡಿ. ಯಾರೋ ಬಿಚ್ಚಿಟ್ಟ ಟೈರು ಅರ್ಧ ಬೆಲೆಗೆ ಸಿಗುತ್ತದೆ ಅಂದರೆ ಹೋಗಬೇಡಿ. ನಾವು ಕೊಳ್ಳುತ್ತಿರುವುದೇ ವಯಸ್ಸನ್ನು, ಅದನ್ನೇ ಬೇರೆಯವರು ಖರ್ಚು ಮಾಡಿದ ಮೇಲೆ ಏನು ಉಳಿಯಿತು?

ಬಿಲ್ ಇಲ್ಲದೆ ತಗೊಂಡರೆ ಇನ್ನೂರು ಕಮ್ಮಿ ಅಂದರು ಒಬ್ಬರು. ಬೇಡ ಅಂದೆ. ತಯಾರಿಕೆಯ ದೋಷ ಕಂಡರೆ ಗ್ಯಾರಂಟಿ ಕೇಳಲು ಬಿಲ್ ಬೇಕು. ಬಿಲ್ಲಿನಲ್ಲಿ ಟೈರಿನ ನಂಬರ್ ಬರೆಸಿ. ಅಂದ ಹಾಗೆ 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ಒಮ್ಮೆ ನೋಡಿ.

ಎರಡು ಸಾಕಾ, ಐದೂ ಬೇಕಾ? ಮಗ ಬೆಂಗಳೂರಿನಿಂದ ಫೋನ್ ಮಾಡಿ 'ಅಮ್ಮ, ಮುಂದಿನ ಎರಡು ಹಾಕಿಸು ಸಾಕು' ಅಂದ. ಟೈರು ಸವೆದು ಹೋಗುವ ಕಾರಿಗೆ ಆ ಮಾತು ಸರಿ. ನಮ್ಮಂಥ ಕಾರಿನಲ್ಲಿ ಐದಕ್ಕೂ ಒಂದೇ ವಯಸ್ಸು, ಎರಡು ಮಾತ್ರ ಬದಲಾಯಿಸಿ ಏನು ಪ್ರಯೋಜನ? ಒಂದು ವೇಳೆ ಕೈಯಲ್ಲಿ ಎರಡಕ್ಕೇ ದುಡ್ಡಿದ್ದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಎಲ್ಲರೂ ಮುಂದಕ್ಕೆ ಅನ್ನುತ್ತಾರೆ, ಟೈರ್ ಕಂಪನಿಗಳು ಹಿಂದಕ್ಕೆ ಅನ್ನುತ್ತವೆ. ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ತಿರುಗಿದರೆ ಎಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಿಲ್ಲ. ಹಾಗೆ ಎರಡು ಹಾಕಿಸಿದರೂ ಉಳಿದವನ್ನು ಮುಂದಿನ ಮಳೆಗಾಲದೊಳಗೆ ತೆಗೆಸಿಬಿಡಿ. ನಾನು ಐದೂ ಹಾಕಿಸಿದೆ. ಆ ವರ್ಷದ ಸೀರೆ ಹೋಯಿತು.

ಹಾಕಿಸುವಾಗ ಅಲ್ಲೇ ನಿಂತಿರಿ

ನನ್ನ ರಿಮ್ಮುಗಳ ಒಳಗೆ ತುಕ್ಕು ಹಿಡಿದಿತ್ತು. ಮಲೆನಾಡಿನ ಥಂಡಿಗೆ ಹಿಡಿಯದೆ ಇರುತ್ತಾ? ಟ್ಯೂಬ್‌ಲೆಸ್ ಟೈರಿಗೆ ರಿಮ್ಮಿನ ಅಂಚು ನುಣ್ಣಗಿರಬೇಕು, ಇಲ್ಲದಿದ್ದರೆ ಗಾಳಿ ಸೋರುತ್ತದೆ. ಟೈರಿನ ಅಂಚು ಕಳಚದಂತೆ ಹಿಡಿಯುವ ಸಣ್ಣ ಉಬ್ಬೂ ಬೇಕು, ಕೆಲವು ಹಳೇ ರಿಮ್ಮುಗಳಲ್ಲಿ ಅದಿರುವುದಿಲ್ಲ. ಹಾಗಾಗಿ ತಂತಿ ಬ್ರಷ್ ಹಾಕಿ ಉಜ್ಜಿಸಿ, ಬಣ್ಣ ಬಳಿಸಿ, ಒಣಗಿದ ಮೇಲೆ ಒಳಗೆ ಹೊಸ ಟ್ಯೂಬ್ ಹಾಕಿಸಿದೆ. ಹೊಸ ಟೈರಿಗೆ ಹಳೇ ಟ್ಯೂಬ್ ಹಾಕಲು ಬಿಡಬೇಡಿ, ಅದು ಹಿಗ್ಗಿ ಮಡಚಿಕೊಳ್ಳುತ್ತದೆ. ಟೈರಿನ ಒಳಗೆ ಕಾಗದದ ಚೀಟಿ ಅಂಟಿಸಿದ್ದರೆ ಕಿತ್ತು ಹಾಕಿಸಿ. ಅದು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ. ನೀವು ಟ್ಯೂಬ್‌ಲೆಸ್ಸೇ ಹಾಕಿಸುವುದಾದರೆ ಗಾಳಿ ತುಂಬಿಸುವ ರಬ್ಬರ್ ವಾಲ್ವ್ ಹೊಸದಿರಲಿ. ಎರಡು ಪಕ್ಕೆಯೂ ಒಂದೇ ಥರ ಇರುವ ಟೈರಾದರೆ ತಾರೀಖಿನ ಪಕ್ಕೆ ಹೊರಗೆ ಬರುವಂತೆ ಹಾಕಲು ಹೇಳಿ, ಇನ್ನೊಮ್ಮೆ ಗೋಣಿಚೀಲ ಹಾಸುವುದು ತಪ್ಪುತ್ತದೆ.

ಚಕ್ರದ ತೂಕ ಸಮ ಮಾಡುವ ಬ್ಯಾಲೆನ್ಸಿಂಗ್, ಚಕ್ರದ ನೇರ ಸರಿಮಾಡುವ ಅಲೈನ್‌ಮೆಂಟ್ ಮಾಡಿಸಿ. ಅದರ ಬಗ್ಗೆ ಹೇಳುವುದೇನಿಲ್ಲ.

ನಟ್ಟಿನ ಬಗ್ಗೆ ಮಾತ್ರ ಇದೆ. ಹಿಂದೆ ಒಂದು ಕಡೆ ಗಾಳಿ ಗನ್ನಿನಿಂದ ಬಿಗಿದು ಕಳಿಸಿದ್ದರು. ಆಮೇಲೆ ಬೇಲೂರು ರಸ್ತೆಯಲ್ಲಿ ಪಂಚರ್ ಆದಾಗ ನಾನು ಸ್ಪ್ಯಾನರ್ ಮೇಲೆ ನಿಂತು ಕುಣಿದರೂ ನಟ್ಟು ಜಗ್ಗಲಿಲ್ಲ. ಕೊನೆಗೆ ಹಾದಿಯಲ್ಲಿ ಬಂದ ಟ್ರ್ಯಾಕ್ಟರಿನವರು ಬಿಚ್ಚಿಕೊಟ್ಟರು. ಈ ಸಲ 'ಕೊನೇ ಬಿಗಿ ಕೈಯಲ್ಲೇ ಹಾಕಪ್ಪ, ಬಿಚ್ಚಬೇಕಾದವಳು ನಾನು' ಅಂದೆ. ಅಲ್ಲೇ ಕಾರಿನ ಸ್ಪ್ಯಾನರ್ ತೆಗೆದು ಒಂದು ನಟ್ಟು ಸಡಿಲಿಸಿ ಮತ್ತೆ ಬಿಗಿದು ನೋಡಿದೆ. ಐವತ್ತು ನೂರು ಕಿಲೋಮೀಟರ್ ಆದಮೇಲೆ ನಾಲ್ಕೂ ಚಕ್ರದ ನಟ್ಟು ಇನ್ನೊಮ್ಮೆ ನೋಡಬೇಕು.

ಹೊಸ ಟೈರಿನ ಮೈ ಮೊದಲಿಗೆ ಸ್ವಲ್ಪ ಜಾರು. ಅಚ್ಚಿನಿಂದ ಬಿಡಿಸಲು ಹಚ್ಚಿದ್ದು ಸವೆಯುವ ತನಕ, ಒಂದು ನೂರಿನ್ನೂರು ಕಿಲೋಮೀಟರ್, ಮೆಲ್ಲಗೆ ಓಡಿಸಿ.

ತಂದ ಮೇಲೆ

ತಿಂಗಳಿಗೊಮ್ಮೆ ಗಾಳಿ ನೋಡಿ, ಸ್ಟೆಪ್ನಿಯದೂ ಸೇರಿಸಿ. ನಿಂತ ಕಾರಿನಲ್ಲೂ ಗಾಳಿ ಇಳಿಯುತ್ತದೆ. ಎಷ್ಟು ಅನ್ನುವುದನ್ನು ಕಾರಿನ ಪುಸ್ತಕ ನೋಡಿ ಹಾಕಿಸಿ, ಬಂಕಿನ ಹುಡುಗನ ಅಂದಾಜಿಗೆ ಬಿಡಬೇಡಿ. ವಾರಕ್ಕೊಮ್ಮೆಯಾದರೂ ಗೇಟಿನ ತನಕ ಓಡಿಸಿ. ಒಂದೇ ಕಡೆ ಭಾರ ಬಿದ್ದರೆ ಟೈರಿನ ತಳ ಚಪ್ಪಟೆಯಾಗುತ್ತದೆ. ನಾಲ್ಕು ದಿನ ನಿಂತಿದ್ದಾದರೆ ಸ್ವಲ್ಪ ದೂರ ಓಡಿ ಬಿಸಿಯಾದಾಗ ಸರಿಹೋಗುತ್ತದೆ, ತಿಂಗಳುಗಟ್ಟಲೆ ನಿಂತರೆ ಹಾಗೇ ಉಳಿದು ಸ್ಟಿಯರಿಂಗ್ ದಡದಡ ಅನ್ನುತ್ತದೆ. ಮಗನ ಮನೆಗೆ ಎರಡು ತಿಂಗಳು ಹೋಗುವುದಾದರೆ ನಾನು ಜಾಕಿ ಎತ್ತಿಸಿ ಕಲ್ಲು ಕೊಡಿಸಿ ಹೋಗುತ್ತೇನೆ.

ಮೊದಲು ನನ್ನ ಕಾರು ಕಾಫಿ ಕಣದ ಅಂಚಿನಲ್ಲಿ ಬಿಸಿಲಿಗೆ ನಿಲ್ಲುತ್ತಿತ್ತು. ಈಗ ಶೆಡ್ಡಿಗೆ ಬಂದಿದೆ. ಅಲ್ಲಿದ್ದ ಡೀಸೆಲ್ ಕ್ಯಾನು, ಹಳೇ ಆಯಿಲ್ ಡಬ್ಬ ಎಲ್ಲ ಆಚೆ ಹೋದವು, ಅವು ಸೋರಿ ಟೈರಿಗೆ ತಾಗಿದರೆ ರಬ್ಬರ್ ಉಬ್ಬುತ್ತದೆ. ಯಜಮಾನರು ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದರು.

ಹಳೇ ಟೈರುಗಳನ್ನು ಹಿತ್ತಲಲ್ಲಿ ಬಿಸಾಡಬೇಡಿ, ಮಳೆ ನೀರು ನಿಂತು ಸೊಳ್ಳೆ ಮರಿ ಮಾಡುತ್ತವೆ. ನಾಲ್ಕನ್ನು ಅಂಗಡಿಗೇ ಬಿಟ್ಟು ಬಂದೆ. ಐದನೆಯದರ ತಳಕ್ಕೆ ನೀರು ಇಳಿಯುವಂತೆ ಮೂರು ತೂತು ಕೊರೆಸಿ ಶೆಡ್ಡಿನ ಹಿಂಗೋಡೆಗೆ ಕಟ್ಟಿಸಿದ್ದೇನೆ. ಯಜಮಾನರು ಜೀಪು ರಿವರ್ಸ್ ತೆಗೆಯುವಾಗ ಗೋಡೆಗೆ ಗುದ್ದುವುದು ಇವತ್ತಿಗೂ ನಿಂತಿಲ್ಲ.