ರಾಗಿಯ ರೀಡ್‌ಗಳನ್ನು ನಾವು ಜೋಡಿಸಿಟ್ಟ ಬಗೆ: ನನ್ನ ಅನುಭವ

ಹೆಬ್ಬಾಳದ ಆಚೆ ಒಂದು ಚಿಕ್ಕ ಲ್ಯಾಬ್‌ನಲ್ಲಿ ರಾಗಿ ತಳಿಗಳ ಸೀಕ್ವೆನ್ಸಿಂಗ್ ಡೇಟಾ, ಅಂದರೆ ಯಂತ್ರ ಓದಿಕೊಟ್ಟ ಡಿಎನ್‌ಎ ತುಣುಕುಗಳನ್ನು (ಇವಕ್ಕೇ 'ರೀಡ್' ಅನ್ನೋದು) ನೋಡಿಕೊಳ್ಳುವುದು ನನ್ನ ಕೆಲಸ. ಡಿಸ್ಕ್ ತುಂಬಿತು ಅಂತ ಎಲ್ಲರೂ ಗೋಳಾಡುತ್ತಾರೆ. ದುಡ್ಡಿದ್ದರೆ ಎಸ್‌ಪಿ ರೋಡಿನಲ್ಲಿ ಡಿಸ್ಕ್ ಸಿಗುತ್ತದೆ ಬಿಡಿ. 'ಜಿಪಿಯು-28 ತಳಿಯ ರೀಡ್‌ಗಳನ್ನೆಲ್ಲ ಕೊಡಿ' ಅಂತ ಯಾರಾದರೂ ಕೇಳಿದಾಗ ಹುಡುಕುವುದೇ ನಿಜವಾದ ತಲೆನೋವು.

ಯಂತ್ರದಿಂದ ಬರುವ ಫಾಸ್ಟ್‌ಕ್ಯೂ ಫೈಲಿನಲ್ಲಿ ಒಂದೊಂದು ರೀಡ್‌ಗೂ ನಾಲ್ಕು ಸಾಲು. ಮೊದಲು ರೀಡ್‌ನ ಹೆಸರು, ಆಮೇಲೆ ಡಿಎನ್‌ಎಯ ಅಕ್ಷರಗಳಾದ ಎ-ಸಿ-ಜಿ-ಟಿ, ಒಂದು ಪ್ಲಸ್ ಗುರುತು, ಕೊನೆಗೆ ಪ್ರತಿ ಅಕ್ಷರದ ಗುಣಮಟ್ಟ. ಗುಣಮಟ್ಟ 30 ಅಂದರೆ ಆ ಅಕ್ಷರ ತಪ್ಪಿರುವ ಸಾಧ್ಯತೆ ಸಾವಿರಕ್ಕೆ ಒಂದು. ಇಲ್ಯೂಮಿನಾ ಕಂಪನಿಯ ಯಂತ್ರವಾದರೆ ಹೆಸರಿನ ಸಾಲಿನಲ್ಲಿ ಯಂತ್ರದ ಗುರುತು, ಫ್ಲೋಸೆಲ್ (ಡಿಎನ್‌ಎ ಹಾಕುವ ಗಾಜಿನ ಚಿಪ್), ಅದರ ಲೇನ್ ಎಲ್ಲಾ ಇರುತ್ತದೆ. ಯಾವ ಗಿಡದ್ದು ಅನ್ನೋದು ಮಾತ್ರ ಇರಲ್ಲ! ಅದು ಫೋಲ್ಡರ್ ಹೆಸರಿನಲ್ಲೋ ಯಾರದೋ ನೋಟ್‌ಬುಕ್ಕಿನಲ್ಲೋ ಉಳಿದಿರುತ್ತದೆ.

ಮೊದಲು ರೀಡ್‌ಗಳನ್ನು ರೆಫರೆನ್ಸ್ ಜೀನೋಮ್‌ಗೆ (ಹೋಲಿಕೆಗೆ ಇಟ್ಟುಕೊಂಡ ಬೆಳೆಯ ಪೂರ್ತಿ ಡಿಎನ್‌ಎ ಪಠ್ಯಕ್ಕೆ) ಹೊಂದಿಸಿ, ಸ್ಯಾಮ್‌ಟೂಲ್ಸ್ ಅನ್ನೋ ಸಾಫ್ಟ್‌ವೇರ್ ಬಳಸಿ ಕ್ರಾಮ್ ಅನ್ನೋ ಕಡಿಮೆ ಜಾಗ ಹಿಡಿಯುವ ಫೈಲ್ ಬಗೆಗೆ ಬದಲಿಸಿದೆವು. ಕ್ರಾಮ್ ರೀಡ್‌ನ ಅಕ್ಷರಗಳನ್ನು ಪೂರ್ತಿ ಬರೆಯುವುದಿಲ್ಲ. ರೆಫರೆನ್ಸ್ ಜೀನೋಮ್‌ಗಿಂತ ಎಲ್ಲಿ ಬೇರೆ ಇದೆಯೋ ಅಷ್ಟನ್ನೇ ಇಟ್ಟುಕೊಳ್ಳುತ್ತದೆ. ಹಾಗಾಗಿ ರೆಫರೆನ್ಸ್ ಕಳೆದುಹೋದರೆ ರೀಡ್‌ನ ಅಕ್ಷರಗಳನ್ನು ಮರಳಿ ಪಡೆಯಲು ಆಗುವುದಿಲ್ಲ. ಮನುಷ್ಯರ ಜೀನೋಮ್ ಆದರೆ ಸ್ಯಾಮ್‌ಟೂಲ್ಸ್ ಅದನ್ನು ಎಂಡಿ5 ಮೊತ್ತದ (ಡೇಟಾದಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ಮೇಲೆ ನೆಟ್‌ನಿಂದ ತರಿಸಿಕೊಳ್ಳುವ ಹಾಗೆ ಮಾಡಬಹುದು. ನಾವೇ ತಿದ್ದಿಕೊಂಡ ರಾಗಿ ರೆಫರೆನ್ಸ್ ಅಲ್ಲಿ ಎಲ್ಲಿಂದ ಬರಬೇಕು? ಅದರ ಪ್ರತಿಯನ್ನು ಎರಡು ಕಡೆ ಇಟ್ಟೆವು. ರೆಫರೆನ್ಸ್‌ಗೆ ಹೊಂದದ ರೀಡ್‌ಗಳನ್ನೂ ಬಿಸಾಡಲಿಲ್ಲ. ರೋಗಾಣುವಿನ ಸುಳಿವು ಅಲ್ಲೇ ಸಿಗಬಹುದು.

ಹಳೆಯ ಫಾಸ್ಟ್‌ಕ್ಯೂ ಅಳಿಸುವ ಮುನ್ನ ತಾಳೆ ನೋಡಬೇಕು. ಇಲ್ಲೊಂದು ತೊಡಕಿದೆ. ಜೀನೋಮ್‌ನಲ್ಲಿನ ಜಾಗದ ಪ್ರಕಾರ ಸಾರ್ಟ್ ಆದ ಮೇಲೆ ರೀಡ್‌ಗಳ ಕ್ರಮ ಬದಲಾಗಿರುತ್ತದೆ, ಫೈಲಿನ ಎಂಡಿ5 ಹೋಲಿಸಿ ಪ್ರಯೋಜನ ಇಲ್ಲ. ಕ್ರಮವನ್ನು ಲೆಕ್ಕಿಸದೆ ಮೊತ್ತ ಕೊಡುವ ಬ್ಯಾಮ್‌ಸೀಕ್‌ಚೆಕ್‌ಸಮ್ ಅನ್ನೋ ಪ್ರೋಗ್ರಾಂ ಬಳಸಿದೆವು. ಎರಡೂ ಕಡೆ ಮೊತ್ತ ಒಂದೇ ಬಂದರೆ ಮಾತ್ರ ಅಳಿಸುವುದು.

ಇನ್ನು ಹುಡುಕುವ ಕೆಲಸಕ್ಕೆ ಐರಾಡ್ಸ್ ಅನ್ನೋ ಡೇಟಾ ನಿರ್ವಹಣೆಯ ಸಾಫ್ಟ್‌ವೇರ್. ಇದು ಓಪನ್ ಸೋರ್ಸ್, ಇಂಗ್ಲೆಂಡಿನ ಜೀನೋಮ್ ಸಂಶೋಧನಾ ಕೇಂದ್ರ ಸ್ಯಾಂಗರ್ ಇನ್‌ಸ್ಟಿಟ್ಯೂಟ್ ಬಹಳ ಕಾಲದಿಂದ ಬಳಸುತ್ತಿದೆ. ಫೈಲ್ ಯಾವ ಡಿಸ್ಕಿನಲ್ಲಿದ್ದರೂ ಸರಿ, ಅದಕ್ಕೆ ತಳಿ, ಹೊಲ, ಬಿತ್ತಿದ ಹಂಗಾಮು ಅಂತ ಚೀಟಿ ಅಂಟಿಸಬಹುದು. ಆಮೇಲೆ ಚೀಟಿಯ ಮೇಲೆ ಹುಡುಕಬಹುದು. ಅದನ್ನು ಕೂರಿಸುವಾಗ ಡೇಟಾಬೇಸ್, ಪರ್ಮಿಷನ್ ಅಂತ ಒಂದಿಷ್ಟು ಒದ್ದಾಟ ಇದ್ದೇ ಇತ್ತು. ಆದರೆ ನಮಗೆ ಜಾಸ್ತಿ ಹೊತ್ತು ಹಿಡಿದದ್ದು ಚೀಟಿ ಬರೆಯುವುದಕ್ಕೇ. ಒಬ್ಬರು 'ಜಿಪಿಯು28' ಅಂತ ಸೇರಿಸಿ ಬರೆದಿದ್ದರು, ಇನ್ನೊಬ್ಬರು ನಡುವೆ ಗೆರೆ ಹಾಕಿದ್ದರು, ಮತ್ತೊಬ್ಬರು ಬರೀ '28'. ಕಂಪ್ಯೂಟರ್‌ಗೆ ಇವು ಮೂರು ಬೇರೆ ಬೇರೆ ತಳಿ. ಕೊನೆಗೆ ತಳಿಗಳ ಪಟ್ಟಿ ಮಾಡಿ, ಅದರಲ್ಲಿ ಇಲ್ಲದ ಹೆಸರು ಬಂದರೆ ಫೈಲನ್ನೇ ಒಳಗೆ ಬಿಡದ ಹಾಗೆ ಒಂದು ಸ್ಕ್ರಿಪ್ಟ್ ಬರೆದೆವು. ವಿದ್ಯಾರ್ಥಿಗಳು ಗೊಣಗಿದರು. ಗೊಣಗಲಿ ಬಿಡಿ.

ಪೇಪರ್ ಕಳಿಸುವ ಮುನ್ನ ರೀಡ್‌ಗಳನ್ನು ಸಾರ್ವಜನಿಕ ಸಂಗ್ರಹಕ್ಕೆ ಸೇರಿಸಬೇಕಲ್ವಾ? ಫರೀದಾಬಾದಿನ ಐಬಿಡಿಸಿ (ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್) ಆಗಲಿ ಯುರೋಪಿನ ಇಎನ್‌ಎ (ಯುರೋಪಿಯನ್ ನ್ಯೂಕ್ಲಿಯೋಟೈಡ್ ಆರ್ಕೈವ್) ಆಗಲಿ, ಸ್ಯಾಂಪಲ್ ವಿವರ ಕೇಳಿಯೇ ಕೇಳುತ್ತಾರೆ. ಈಗ ಅದನ್ನು ಐರಾಡ್ಸ್‌ನಿಂದ ನೇರ ತೆಗೆದು ಕೊಡುತ್ತೇವೆ. ಬೀರುವಿನಲ್ಲಿರುವ ಹಳೆಯ ಹಾರ್ಡ್ ಡ್ರೈವ್‌ಗಳು ಮಾತ್ರ ಇನ್ನೂ ಬಾಕಿ. ಅವುಗಳ ಮೇಲೆ ಬರೀ ಇನಿಷಿಯಲ್ ಇದೆ. ಬರೆದವರಲ್ಲಿ ಕೆಲವರು ಈಗ ಬೇರೆ ದೇಶದಲ್ಲಿದ್ದಾರೆ, ಒಬ್ಬೊಬ್ಬರಿಗೇ ಮೇಲ್ ಹಾಕಿ ಕೇಳುತ್ತಿದ್ದೇನೆ.