ಗಾಯಗೊಂಡ ಯೋಧರಿಗೆ ಅಮೆರಿಕದ ಗೃಹಸಾಲ: ಕೊಡಬೇಕಿಲ್ಲದ ಫೀ ಕೊಡದಿರುವುದು ಹೇಗೆ?

ಅಮೆರಿಕದಲ್ಲಿ 4 ಲಕ್ಷ ಡಾಲರ್‌ನ ಮನೆ. ಒಂದು ಡಾಲರೂ ಮುಂಗಡ ಕಟ್ಟದೆ, ಮಾಜಿ ಸೈನಿಕರಿಗಿರುವ ವಿಎ (ಅಮೆರಿಕದ ಮಾಜಿ ಸೈನಿಕರ ಇಲಾಖೆ) ಸಾಲದಲ್ಲಿ ಮೊದಲ ಸಲ ಕೊಳ್ಳುತ್ತಿದ್ದೀರಿ ಅಂದುಕೊಳ್ಳಿ. ಸಾಲದ ಮೇಲೆ 2.15% ಫಂಡಿಂಗ್ ಫೀ ಬೀಳುತ್ತದೆ, ಅಂದರೆ 8,600 ಡಾಲರ್. ಅದನ್ನು ಸಾಲಕ್ಕೇ ಸೇರಿಸಿ 6.5% ಬಡ್ಡಿಯಲ್ಲಿ 30 ವರ್ಷ ಕಟ್ಟಿದರೆ, ಈ ಫೀ ಒಂದಕ್ಕೇ ತಿಂಗಳಿಗೆ ಸುಮಾರು 54 ಡಾಲರ್ ಹೋಗುತ್ತದೆ. ಸಾಲ ತೀರುವ ಹೊತ್ತಿಗೆ ಒಟ್ಟು 19,500 ಡಾಲರ್ ದಾಟುತ್ತದೆ. ಎರಡನೇ ಸಲ ಮುಂಗಡವಿಲ್ಲದೆ ಕೊಳ್ಳುವವರಿಗೆ ಫೀ 3.3%.

ಸೇವೆಯಲ್ಲಿದ್ದಾಗ ಆದ ಗಾಯಕ್ಕೋ ಕಾಯಿಲೆಗೋ ಪರಿಹಾರ ಪಡೆಯುತ್ತಿರುವವರು ಇದರಲ್ಲಿ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಕಾನೂನೇ ಹಾಗಿದೆ. ಆದರೂ ಸಾವಿರಾರು ಜನ ಕೊಟ್ಟಿದ್ದಾರೆ. ವಿಎ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2019ರಲ್ಲಿ ಕೊಟ್ಟ ವರದಿ ನೋಡಿ. 2012ರಿಂದ 2017ರವರೆಗೆ, ವಿನಾಯಿತಿ ಇದ್ದ ಸುಮಾರು 72,900 ಜನರಿಂದ 28 ಕೋಟಿ ಡಾಲರ್‌ಗೂ ಜಾಸ್ತಿ ಫೀ ವಸೂಲಾಗಿತ್ತು. ಅದೇ ವರ್ಷ ಇಲಾಖೆ ಹಳೆಯ ಕಡತಗಳನ್ನು ತೆಗೆದು ನೋಡಿ, 40 ಕೋಟಿ ಡಾಲರ್‌ಗೂ ಹೆಚ್ಚು ಹಣ ಹಿಂದಿರುಗಿಸುವುದಾಗಿ ಹೇಳಿತು. ಕಾಲು ಕಳೆದುಕೊಂಡವರ ಹತ್ತಿರ, ಕಿವಿ ಕೇಳದವರ ಹತ್ತಿರ ಇಷ್ಟು ಹಣ ಸುಮ್ನೆ ಕಿತ್ತುಕೊಂಡಂತಾಗಿತ್ತು. ಹಾಗಾಗಿ ಬ್ಯಾಂಕಿನವರು ನೋಡಿಕೊಳ್ಳುತ್ತಾರೆ ಎಂದು ಕೂರಬೇಡಿ.

ಅಮೆರಿಕದ ಸೇನೆಯಲ್ಲಿ ಗ್ರೀನ್ ಕಾರ್ಡ್ ಇದ್ದವರೂ ಸೇರಬಹುದು. ಹಾಗಾಗಿ ಅಲ್ಲಿನ ಕನ್ನಡದ ಮನೆಗಳಿಗೂ ಈ ವಿಷಯ ದೂರದ್ದಲ್ಲ. ಆದರೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಭಾರತೀಯ ಸೇನೆಯಿಂದ ನಿವೃತ್ತರಾಗಿ ಮಕ್ಕಳ ಜೊತೆ ಅಲ್ಲಿ ನೆಲೆಸಿದವರಿಗೆ ಆ ಸೇವೆಯ ಆಧಾರದ ಮೇಲೆ ಈ ಸಾಲ ಸಿಗುವುದಿಲ್ಲ. ಇನ್ನು, ಈ ಸಾಲದಲ್ಲಿ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮನೆ ಕೊಳ್ಳಲು ಆಗುವುದಿಲ್ಲ. ಮನೆ ಅಮೆರಿಕದಲ್ಲೋ ಅದರ ಅಧೀನ ಪ್ರದೇಶಗಳಲ್ಲೋ ಇರಬೇಕು, ನೀವೇ ವಾಸಿಸುವ ಮನೆಯೂ ಆಗಿರಬೇಕು.

ಈ ಸಾಲ ಕೊಡುವವರು ಯಾರು?

ಸಾಮಾನ್ಯವಾಗಿ ವಿಎ ನೇರವಾಗಿ ಹಣ ಕೊಡುವುದಿಲ್ಲ. ಸಾಲ ಕೊಡುವುದು ಬ್ಯಾಂಕು, ಕ್ರೆಡಿಟ್ ಯೂನಿಯನ್ ಅಥವಾ ಮಾರ್ಟ್‌ಗೇಜ್ ಕಂಪನಿ. ಸಾಲದ ಒಂದು ಭಾಗಕ್ಕೆ ವಿಎ ಜಾಮೀನು ನಿಲ್ಲುತ್ತದೆ, ಅಷ್ಟೇ. 1944ರಲ್ಲಿ ಎರಡನೇ ಮಹಾಯುದ್ಧದಿಂದ ಮರಳುವ ಸೈನಿಕರಿಗಾಗಿ ಬಂದ ಜಿಐ ಬಿಲ್‌ನಲ್ಲೇ ಈ ವ್ಯವಸ್ಥೆ ಶುರುವಾಯಿತು. ಜಾಮೀನು ಇರುವುದರಿಂದ ಮುಂಗಡ ಬೇಡ, ತಿಂಗಳ ಮಾರ್ಟ್‌ಗೇಜ್ ವಿಮೆಯೂ ಬೇಡ. ಈ ಯೋಜನೆ ನಡೆಸುವ ಖರ್ಚಿಗೆ ಫಂಡಿಂಗ್ ಫೀ ವಸೂಲು ಮಾಡುತ್ತಾರೆ.

ಮೊದಲ ಹೆಜ್ಜೆ: ಮನೆ ನೋಡುವ ಮುಂಚೆ ಕ್ಲೈಮ್

ಫೀ ವಿನಾಯಿತಿ ನಿಂತಿರುವುದು ಪರಿಹಾರದ ಹಣದ ಮೇಲೆ. ಅದಕ್ಕೆ ಹಾಕುವ ಅರ್ಜಿಯೇ ಕ್ಲೈಮ್. ಅದನ್ನು ನೋಡಿ ವಿಎ ನಿಮ್ಮ ತೊಂದರೆಗೆ ಶೇಕಡಾವಾರು ರೇಟಿಂಗ್ ಕೊಡುತ್ತದೆ. 10% ಸಿಕ್ಕರೂ ತಿಂಗಳ ಪರಿಹಾರ ಶುರುವಾಗುತ್ತದೆ, ಫೀ ಪೂರ್ತಿ ಮಾಫಿಯಾಗುತ್ತದೆ. 10% ಇದ್ದವರಿಗೆ ಸ್ವಲ್ಪ ರಿಯಾಯಿತಿ, 100% ಇದ್ದವರಿಗೆ ಪೂರ್ತಿ ಎಂದೇನೂ ಇಲ್ಲ. ಆದರೆ ತೊಂದರೆ ಸೇವೆಯಿಂದಲೇ ಬಂದದ್ದು ಎಂದು ಒಪ್ಪಿ 0% ಕೊಟ್ಟಿದ್ದರೆ ಸಾಮಾನ್ಯವಾಗಿ ಪರಿಹಾರವಿಲ್ಲ, ವಿನಾಯಿತಿಯೂ ಇಲ್ಲ.

ಇಲ್ಲಿ ತಾರೀಖಿನ ಮಹತ್ವ ಬಹಳ ದೊಡ್ಡದು. ಕ್ಲೈಮ್ ಮಂಜೂರಾದಾಗ ಅದು ಜಾರಿಗೆ ಬರುವ ದಿನ ಸಾಮಾನ್ಯವಾಗಿ ನೀವು ಅರ್ಜಿ ಹಾಕಿದ ದಿನ. ಅರ್ಜಿ ತುಂಬಲು ದಾಖಲೆಗಳು ಸಿಗದಿದ್ದರೆ 'ಇಂಟೆಂಟ್ ಟು ಫೈಲ್' ಎಂದು ಮೊದಲೇ ತಿಳಿಸಿಡಬಹುದು. ಆಗ ಆ ದಿನಾಂಕ ಒಂದು ವರ್ಷ ನಿಮ್ಮ ಹೆಸರಲ್ಲಿ ಕಾಯ್ದಿರುತ್ತದೆ. ಸೇನೆ ಬಿಟ್ಟು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಬಿಟ್ಟ ಮರುದಿನದಿಂದಲೇ ಲೆಕ್ಕ ಹಿಡಿಯುತ್ತಾರೆ. ಮನೆಯ ಕಾಗದಕ್ಕೆ ಸಹಿ ಬೀಳುವ ಮುಂಚಿನ ದಿನಾಂಕ ನಿಮ್ಮ ಕೈಯಲ್ಲಿದ್ದರೆ, ತೀರ್ಪು ಆಮೇಲೆ ಬಂದರೂ ಕಟ್ಟಿದ ಫೀ ವಾಪಸ್ ಕೇಳಬಹುದು. ಸಹಿ ಆದ ಮೇಲೆ ಅರ್ಜಿ ಹಾಕಿದರೆ ಆ ಬಾಗಿಲು ಬಹುತೇಕ ಮುಚ್ಚಿದಂತೆಯೇ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ಇನ್ನೂ ಸೇವೆಯಲ್ಲಿ ಇರುವವರು ಬಿಡುಗಡೆಗೆ 180ರಿಂದ 90 ದಿನ ಮುಂಚೆಯೇ ಕ್ಲೈಮ್ ಹಾಕಬಹುದು. ಸಾಲದ ಸಹಿಗೆ ಮೊದಲು ಪರಿಹಾರಕ್ಕೆ ಅರ್ಹರು ಎನ್ನುವ ಪ್ರಸ್ತಾವಿತ ರೇಟಿಂಗ್ ಬಂದರೆ ಅದೂ ನಡೆಯುತ್ತದೆ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಪಡೆದು ಇನ್ನೂ ಸೇವೆಯಲ್ಲಿರುವವರಿಗೆ 2020ರಿಂದ ವಿನಾಯಿತಿ ಇದೆ, ಆದರೆ ಪುರಾವೆಯನ್ನು ಸಹಿಯ ದಿನದೊಳಗೆ ಕೊಡಬೇಕು. ಪರಿಹಾರದ ಬದಲು ನಿವೃತ್ತಿ ವೇತನ ಆರಿಸಿಕೊಂಡವರಿಗೂ ಫೀ ಇಲ್ಲ. ಸೈನಿಕರು ತೀರಿಕೊಂಡ ಮೇಲೆ ಕುಟುಂಬಕ್ಕೆ ವಿಎ ಕೊಡುವ ಡಿಐಸಿ ಪರಿಹಾರ ಪಡೆಯುತ್ತಿರುವ ವಿಧವೆ ಅಥವಾ ವಿಧುರರಿಗೂ ಇಲ್ಲ. ಈ ಕೊನೆಯವರಲ್ಲಿ ಕೆಲವರಿಗೆ ಇದು ಗೊತ್ತಿರಲಿಕ್ಕಿಲ್ಲ, ನಿಮ್ಮ ಪರಿಚಯದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಕ್ಲೈಮ್ ತುಂಬಲು ಡಿಎವಿ, ವಿಎಫ್‌ಡಬ್ಲ್ಯು, ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಟನೆಗಳು ಉಚಿತವಾಗಿ ಸಹಾಯ ಮಾಡುತ್ತವೆ. ಮೊದಲ ಕ್ಲೈಮ್ ತುಂಬಿಕೊಡಲು ಹಣ ಕೇಳುವವರನ್ನು ದೂರವಿಡಿ.

ಎರಡನೇ ಹೆಜ್ಜೆ: ಸಿಓಇ ಪತ್ರದ ಒಂದು ಸಾಲು

ಸಿಓಇ ಅಂದರೆ ಅರ್ಹತಾ ಪತ್ರ. ವಿಎ ಜಾಲತಾಣದಲ್ಲಿ ನೀವೇ ಪಡೆಯಬಹುದು, 26-1880 ನಮೂನೆ ತುಂಬಿ ಅಂಚೆಯಲ್ಲೂ ಕಳಿಸಬಹುದು. ಸಾಲ ಕೊಡುವವರೂ ತಮ್ಮ ಕಂಪ್ಯೂಟರಿನಲ್ಲಿ ತೆಗೆಯುತ್ತಾರೆ. ಸೇವೆ ಬಿಟ್ಟವರ ಹತ್ತಿರ ಡಿಡಿ-214 ಬಿಡುಗಡೆ ಪತ್ರ ಇರಲಿ. ಸೇವೆಯಲ್ಲಾದ ತೊಂದರೆಯಿಂದಲೇ ಬಿಡುಗಡೆಯಾದವರಿಗೆ ಸೇವಾವಧಿಯ ಕನಿಷ್ಠ ದಿನಗಳ ಷರತ್ತು ಅಡ್ಡ ಬರುವುದಿಲ್ಲ.

ಪತ್ರ ಕೈಗೆ ಬಂದಾಗ ಎಲ್ಲರೂ ಮೊದಲು ನೋಡುವುದು ಜಾಮೀನಿನ ಮೊತ್ತವನ್ನು. ನೀವು 'ಫಂಡಿಂಗ್ ಫೀ' ಎಂಬ ಸಾಲನ್ನು ಹುಡುಕಿ. ಅದರ ಮುಂದೆ 'ಎಕ್ಸೆಂಪ್ಟ್' ಎಂದಿದ್ದರೆ ವಿನಾಯಿತಿ ಇದೆ. 'ನಾನ್-ಎಕ್ಸೆಂಪ್ಟ್' ಎಂದಿದ್ದು ನಿಮಗೆ ಪರಿಹಾರ ಬರುತ್ತಿದ್ದರೆ ಅಲ್ಲೇ ನಿಲ್ಲಿ. ಪರಿಹಾರದ ಆದೇಶ ಪತ್ರ ಹಿಡಿದು ವಿಎ ಪ್ರಾದೇಶಿಕ ಸಾಲ ಕೇಂದ್ರಕ್ಕೆ ಫೋನ್ ಮಾಡಿ: 877-827-3702. ಮನೆ ಹುಡುಕಲು ತಿಂಗಳುಗಳು ಹಿಡಿಯುತ್ತವೆ, ಅಷ್ಟರಲ್ಲಿ ನಿಮ್ಮ ರೇಟಿಂಗ್ ಬಂದಿರಬಹುದು. ಆದರೆ ಬ್ಯಾಂಕಿನ ಕಡತದಲ್ಲಿ ಹಳೆಯ ಪತ್ರವೇ ಕೂತಿರುತ್ತದೆ. ಅದಕ್ಕೇ ಸಹಿಗೆ ಎರಡು ಮೂರು ದಿನ ಇರುವಾಗ ಹೊಸ ಸಿಓಇ ತೆಗೆಯಲು ಹೇಳಿ.

ಬ್ಯಾಂಕಿನ ಜೊತೆ ಮಾತು

ಪರಿಹಾರದ ಹಣಕ್ಕೆ ತೆರಿಗೆ ಇಲ್ಲ. ಹಾಗಾಗಿ ಸಾಲ ಮತ್ತು ಆದಾಯದ ಅನುಪಾತ ನೋಡುವಾಗ ಬ್ಯಾಂಕು ಆ ಮೊತ್ತಕ್ಕೆ 25% ವರೆಗೆ ಸೇರಿಸಿ ಲೆಕ್ಕ ಹಿಡಿಯಬಹುದು. ತಿಂಗಳಿಗೆ 2,000 ಡಾಲರ್ ಬರುತ್ತಿದ್ದರೆ 2,500 ಎಂದು. ಇದನ್ನು ಅವರಾಗಿ ಹೇಳದಿದ್ದರೆ ನೀವೇ ಕೇಳಿ. ಎರಡು ಮೂರು ಕಡೆ ದರ ವಿಚಾರಿಸಿ, ಒಂದೇ ಕಡೆ ಒಪ್ಪಿಕೊಳ್ಳಬೇಡಿ.

ವಿನಾಯಿತಿ ಇರುವುದು ಫಂಡಿಂಗ್ ಫೀಗೆ ಮಾತ್ರ. ಅಪ್ರೈಸಲ್ (ಮನೆಯ ಬೆಲೆಯ ಅಂದಾಜು), ಟೈಟಲ್ ವಿಮೆ (ಮನೆಯ ಒಡೆತನದ ಹಕ್ಕಿಗೆ ವಿಮೆ), ನೋಂದಣಿ ಖರ್ಚು ಎಲ್ಲರಿಗೂ ಇರುತ್ತದೆ. ಸಾಲ ಕೊಡುವವರು ತಮ್ಮ ಕೆಲಸಕ್ಕೆ ಸಾಲದ 1% ವರೆಗೆ ಒಟ್ಟು ಶುಲ್ಕ ಹಾಕಬಹುದು. ಅದನ್ನು ಹಾಕಿದ ಮೇಲೆ ಪ್ರೊಸೆಸಿಂಗ್ ಫೀ ಅಂತ ಬೇರೆ ಕೇಳುವಂತಿಲ್ಲ.

ಸಹಿಗೆ ಮುಂಚಿನ ಮೂರು ದಿನ

'ಕ್ಲೋಸಿಂಗ್ ಡಿಸ್‌ಕ್ಲೋಷರ್' ಎಂಬ ಐದು ಪುಟದ ಲೆಕ್ಕಪತ್ರ ಸಹಿಗೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ನಿಮಗೆ ತಲುಪಲೇಬೇಕು. ಎರಡನೇ ಪುಟ ತೆಗೆಯಿರಿ. ಸಾಲದ ಖರ್ಚುಗಳ ಪಟ್ಟಿಯಲ್ಲಿ 'ವಿಎ ಫಂಡಿಂಗ್ ಫೀ' ಎಂದು ಮೊತ್ತ ಇದೆಯೇ ನೋಡಿ. ಮೊದಲ ಪುಟದ ಸಾಲದ ಮೊತ್ತವನ್ನೂ ನೋಡಿ. ಮುಂಗಡವಿಲ್ಲದೆ 4,00,000 ಡಾಲರ್‌ನ ಮನೆ ಕೊಳ್ಳುವಾಗ ಅಲ್ಲಿ 4,08,600 ಎಂದಿದ್ದರೆ ಫೀ ಒಳಗೆ ಸೇರಿದೆ ಎಂದರ್ಥ. ತಿದ್ದಿದ ಪತ್ರ ಬರುವವರೆಗೆ ಸಹಿ ಹಾಕಬೇಡಿ.

ಮನೆ ಸಿಕ್ಕ ಮೇಲೆ

ಗಾಲಿಕುರ್ಚಿ ಬಳಸುವವರಿಗೆ, ಕೈಕಾಲು ಕಳೆದುಕೊಂಡವರಿಗೆ ಮನೆಯನ್ನು ತಮಗೆ ಹೊಂದುವಂತೆ ಮಾರ್ಪಡಿಸಿಕೊಳ್ಳಲು ಎಸ್‌ಎಎಚ್ ಎಂಬಂಥ ಬೇರೆ ಅನುದಾನವಿದೆ. ಅದು ಸಾಲವಲ್ಲ, ತೀರಿಸಬೇಕಾಗಿಲ್ಲ. ಎಸ್‌ಎಎಚ್ ಅನುದಾನ 2025ರ ಆರ್ಥಿಕ ವರ್ಷದಲ್ಲಿ 1,21,812 ಡಾಲರ್‌ವರೆಗೆ ಇತ್ತು, ಅರ್ಜಿಯ ನಮೂನೆ 26-4555. ಆಸ್ತಿ ತೆರಿಗೆಯ ನಿಯಮ ರಾಜ್ಯಕ್ಕೊಂದು ಥರ. ಟೆಕ್ಸಾಸ್‌ನಲ್ಲಿ 100% ರೇಟಿಂಗ್ ಇದ್ದವರು ತಾವು ವಾಸಿಸುವ ಮನೆಗೆ ಆಸ್ತಿ ತೆರಿಗೆ ಕಟ್ಟಬೇಕಾಗಿಲ್ಲ. ಆದರೆ ಅದು ತಾನಾಗಿ ಬರುವುದಿಲ್ಲ, ಕೌಂಟಿಯ ಅಪ್ರೈಸಲ್ ಕಚೇರಿಗೆ ಅರ್ಜಿ ಕೊಡಬೇಕು.

ಫೀ ಕಟ್ಟಿಬಿಟ್ಟಿದ್ದೀರಾ?

ಹಳೆಯ ಕ್ಲೋಸಿಂಗ್ ಕಾಗದ ಹುಡುಕಿ, ಸಹಿಯ ದಿನಾಂಕ ಬರೆದುಕೊಳ್ಳಿ. ರೇಟಿಂಗ್ ಆದೇಶದಲ್ಲಿ 'ಎಫೆಕ್ಟಿವ್ ಡೇಟ್' ಎಂಬುದನ್ನು ಅದರ ಪಕ್ಕದಲ್ಲಿ ಬರೆಯಿರಿ. ಅದು ಸಹಿಗಿಂತ ಹಿಂದಿನದಾಗಿದ್ದರೆ ಹಣ ನಿಮ್ಮದು. ಸಾಲ ಕೊಟ್ಟವರಿಗೋ ಮೇಲೆ ಹೇಳಿದ ನಂಬರಿಗೋ ಫೋನ್ ಮಾಡಿ ರಿಫಂಡ್ ಕೇಳಿ. ಫೀಯನ್ನು ಕೈಯಿಂದ ಕಟ್ಟಿದ್ದರೆ ಹಣ ನಿಮಗೇ ಬರುತ್ತದೆ. ಸಾಲಕ್ಕೆ ಸೇರಿಸಿದ್ದು ಆ ಸಾಲ ಇನ್ನೂ ನಡೆಯುತ್ತಿದ್ದರೆ ಸಾಮಾನ್ಯವಾಗಿ ಅಸಲಿಗೆ ಜಮೆಯಾಗುತ್ತದೆ. ಅಸಲು ಇಳಿದರೂ ತಿಂಗಳ ಕಂತು ತಾನಾಗಿ ಇಳಿಯುವುದಿಲ್ಲ. ಮುಂದಿನ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಬಾಕಿ ಅಸಲು ಎಷ್ಟು ಕಡಿಮೆಯಾಗಿದೆ ಎಂದು ನೋಡಿ, ಕಡಿಮೆಯಾಗಿರದಿದ್ದರೆ ಮತ್ತೆ ಫೋನ್ ಮಾಡಿ.